ಕುಣಿಗಲ್ಲಿನ ಬ್ಲೌಸ್ ಕೇಸು

ಎಂ.ಬಿ.ಎ. ಕೊನೆಯ ಸೆಮಿಸ್ಟರಿನಲ್ಲಿದ್ದಾಗ ಬೆಂಗಳೂರಿನ ಒಂದು ಕನ್ಸಲ್ಟಿಂಗ್ ಕಂಪನಿಯಿಂದ ನನಗೆ ಇಂಟರ್‌ವ್ಯೂ ಮೇಲ್ ಬಂತು. ಓದಿದವಳೇ ಖುಷಿಯಲ್ಲಿ ಅಡುಗೆಮನೆಗೆ ಓಡಿ, "ಅಮ್ಮಿ, ಇನ್ನೆರಡು ವಾರಕ್ಕೆ ನನ್ನ ಕೇಸ್ ಇದೆ!" ಎಂದುಬಿಟ್ಟೆ.

ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ದಾದಿ, ಅಂದರೆ ಅಬ್ಬಾನ ತಾಯಿ, ಮೊರವನ್ನು ಕೆಳಗಿಟ್ಟರು.

"ಕೇಸಾ? ಯಾರು ಹಾಕಿದ್ದು?"

ನಮ್ಮ ಮನೆಮಾತು ಉರ್ದು. ಆದರೆ ಕೇಸು ಎಂಬ ಮಾತು ಉರ್ದುವಿನಲ್ಲಾದರೂ ಕನ್ನಡದಲ್ಲಾದರೂ ಒಂದೇ ಕಡೆ ಕರೆದುಕೊಂಡು ಹೋಗುತ್ತದೆ, ಕೋರ್ಟಿಗೆ. ನಾನು ವಿವರಿಸುವಷ್ಟರಲ್ಲಿ ದಾದಿ ಕಿಟಕಿಯಿಂದ ಪಕ್ಕದ ಮನೆಯವರಿಗೆ ಸುದ್ದಿ ಮುಟ್ಟಿಸಿ ಆಗಿತ್ತು. ಮಧ್ಯಾಹ್ನ ಊಟಕ್ಕೆ ಬಂದ ಅಬ್ಬಾ ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಮುಂದಿಟ್ಟರು. ಅವರ ಬೀಗ ರಿಪೇರಿ ಅಂಗಡಿಗೆ ಬರುವ ಒಬ್ಬ ವಕೀಲರ ಫೋನ್ ನಂಬರು. "ಒಳ್ಳೆಯವರಂತೆ. ಯಾವುದಕ್ಕೂ ಇರಲಿ" ಎಂದರು. ಆ ಚೀಟಿ ಎಷ್ಟೋ ದಿನ ನಮ್ಮ ಫ್ರಿಡ್ಜಿನ ಮೇಲೇ ಇತ್ತು.

ಕೇಸ್ ಸ್ಟಡಿ ಇಂಟರ್‌ವ್ಯೂ ಅಂದರೆ ಏನೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಹುಡುಕಿ ಓದಿ, ವೀಡಿಯೋಗಳನ್ನು ನೋಡಿದ ಮೇಲೆ ತಿಳಿದದ್ದು ಇಷ್ಟು. ಎದುರಿಗೆ ಕೂತವರು ಒಂದು ಕಂಪನಿಯ ಕಷ್ಟ ಹೇಳುತ್ತಾರೆ. ವ್ಯಾಪಾರ ಬಿದ್ದಿದೆ, ಯಾಕೆ? ಹೊಸ ಊರಿಗೆ ಹೋಗಬೇಕೆಂದಿದ್ದೇವೆ, ಹೋಗೋಣವೇ? ನಾವು ಪ್ರಶ್ನೆ ಕೇಳಿ ಕೇಳಿ, ಕಷ್ಟವನ್ನು ಮರದ ಕೊಂಬೆಗಳ ಹಾಗೆ ಬಿಡಿಸಿ ಹಾಳೆಯ ಮೇಲೆ ಬರೆದು, ಕೊನೆಗೆ ಹೀಗೆ ಮಾಡಿ ಎಂದು ಹೇಳಬೇಕು. ಮಧ್ಯೆ ಮಧ್ಯೆ ಅಂದಾಜಿನ ಪ್ರಶ್ನೆಗಳೂ ಇರುತ್ತವೆ. ಈ ಊರಿನಲ್ಲಿ ಎಷ್ಟು ಛತ್ರಿಗಳಿವೆ, ಎಷ್ಟು ಕನ್ನಡಕಗಳಿವೆ, ಹೀಗೆ. ಉತ್ತರ ಸರಿಯಿರಬೇಕೆಂದಿಲ್ಲ, ಅಲ್ಲಿಗೆ ನಡೆದುಕೊಂಡು ಹೋದ ದಾರಿ ಸರಿಯಿರಬೇಕು.

ನಮ್ಮ ಕ್ಲಾಸಿನಿಂದ ಕರೆ ಬಂದದ್ದು ಇಬ್ಬರಿಗೆ. ಇನ್ನೊಬ್ಬಳು ನನ್ನ ಗೆಳತಿ, ಹಾಗಲವಾಡಿ ಕಡೆಯ ರೈತರ ಮನೆಯವಳು. ನಮ್ಮ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮೂವರು ಹುಡುಗಿಯರ ಜೊತೆ ರೂಮು ಮಾಡಿಕೊಂಡಿದ್ದಳು. ಮನಸ್ಸಿಗೆ ಬಂದದ್ದು ಬಾಯಿಗೆ ಬರಲು ಅವಳಿಗೆ ಅರ್ಧ ನಿಮಿಷ ಬೇಡ. ನನ್ನದು ಉಲ್ಟಾ. ಹೇಳಬೇಕಾದ್ದನ್ನು ನಾಲ್ಕು ಸಲ ಒಗೆದು, ಹಿಂಡಿ, ಇಸ್ತ್ರಿ ಮಾಡಿ, ಕೊನೆಗೆ ಹೇಳದೇ ಬಿಡುವುದು. ಹಾಗಾಗಿ ಅಭ್ಯಾಸಕ್ಕೆ ನಾವಿಬ್ಬರೂ ಒಳ್ಳೆ ಜೋಡಿ. ಅವಳು ಇಂಟರ್‌ವ್ಯೂ ಮಾಡುವವಳಾದಾಗ ರೂಮ್‌ಮೇಟಿನ ಕನ್ನಡಕ ಹಾಕಿಕೊಂಡು, ನನ್ನ ಉತ್ತರ ಮುಗಿಯುವ ಮೊದಲೇ ಆಕಳಿಸುತ್ತಿದ್ದಳು.

"ಯಾಕೇ ಆಕಳಿಸ್ತೀಯ?"

"ಅಲ್ಲೂ ಆಕಳಿಸ್ತಾರೆ ಕಣೇ. ಈಗ್ಲೇ ರೂಢಿ ಮಾಡ್ಕೊ."

ಆ ಶನಿವಾರ ಅವಳ ಜೊತೆ ನಾನೂ ಅವರ ಊರಿಗೆ ಹೊರಟೆ. ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ, ಸೀಟು ಸಿಕ್ಕಿದ ತಕ್ಷಣ ಅವಳು ಕನ್ನಡಕ ಏರಿಸಿದಳು. "ಗುಬ್ಬಿ ತಾಲ್ಲೂಕಿನಲ್ಲಿ ಎಷ್ಟು ತೆಂಗಿನ ಮರಗಳಿವೆ? ಶುರು."

ನಾನು ನೋಟ್‌ಬುಕ್ ತೆಗೆದೆ. ಬಸ್ಸಿನ ಸದ್ದಿಗೆ ಸ್ವಲ್ಪ ಜೋರಾಗಿಯೇ ಹೇಳಬೇಕಾಯಿತು. ಹಳ್ಳಿ ಎಷ್ಟು, ಹಳ್ಳಿಗೆ ಮನೆ ಎಷ್ಟು, ಅದರಲ್ಲಿ ತೋಟ ಇರುವ ಮನೆ ಎಷ್ಟು, ಒಂದು ತೋಟಕ್ಕೆ ಮರ ಎಷ್ಟು.

ಮುಂದಿನ ಸೀಟಿನಲ್ಲಿ ಟವಲ್ ಹೊದ್ದಿದ್ದವರೊಬ್ಬರು ತಿರುಗಿದರು.

"ಯಾವ್ ಇಲಾಖೆಯಿಂದ ಬಂದಿದೀರಮ್ಮ?"

"ಇಲಾಖೆ ಅಲ್ಲ ಅಣ್ಣ. ಇಂಟರ್‌ವ್ಯೂಗೆ ಓದ್ಕೋತಿದೀವಿ."

"ಎಲ್ರೂ ಹಂಗೇ ಹೇಳದು ಬುಡಿ. ಬರ್ಕೊಳಿ, ನಮ್ದು ಇಪ್ಪತ್ತೇ ಮರ. ಅದ್ರಲ್ಲೂ ಎಂಟಕ್ಕೆ ನುಸಿ ಹೊಡ್ದೈತೆ."

ಹಿಂದಿನ ಸೀಟಿನ ಹೆಂಗಸು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. "ಇಪ್ಪತ್ತಾ? ಹೋದ್ ವಾರ ಮಗಳನ್ನ ನೋಡಕ್ಕೆ ಬಂದೋರ ಮುಂದೆ ಆರ್ನೂರು ಅಂತಿದ್ದಲ್ಲೋ!"

ಬಸ್ಸಿಗೆ ಬಸ್ಸೇ ನಕ್ಕಿತು. ಟವಲಿನವರೂ ನಕ್ಕರು. ಆಮೇಲೆ ಒಬ್ಬೊಬ್ಬರೂ ಒಂದೊಂದು ಲೆಕ್ಕ ಹೇಳತೊಡಗಿದರು. ಕಂಡಕ್ಟರು ಟಿಕೆಟ್ ಕೊಡುವುದನ್ನು ಬಿಟ್ಟು, ಒಣಗಿದ ಮರಗಳನ್ನು ಸೇರಿಸಬೇಕೋ ಬೇಡವೋ ಎಂಬ ವಾದಕ್ಕೆ ನಿಂತರು. ಗೆಳತಿ ಇಳಿಯುವ ಸ್ಟಾಪು ದಾಟಿ ಹೋಯಿತು. ಬಿಸಿಲಿನಲ್ಲಿ ವಾಪಸ್ ನಡೆಯುವಾಗ ಅವಳು, "ಮರ ಎಷ್ಟಿದ್ರೂ ಪರ್ವಾಗಿಲ್ಲ, ಕೇಳೋರು ಯಾರು ಅನ್ನೋದ್ರ ಮೇಲೆ ಜಾಸ್ತಿ ಕಮ್ಮಿ ಆಗುತ್ತೆ ಕಣೇ. ಇದನ್ನ ಯಾವ ವೀಡಿಯೋದಲ್ಲೂ ಹೇಳಿರಲಿಲ್ಲ" ಎಂದಳು.

ಅವರ ಮನೆಯ ಜಗಲಿಯಲ್ಲಿ ಕೂತು ಮುದ್ದೆ ಉಂಡು ಕೈ ತೊಳೆಯುತ್ತಿದ್ದಾಗ ನನಗೆ ಕುಣಿಗಲ್ಲಿನಿಂದ ಫೋನ್ ಬಂತು. ನನ್ನ ಖಾಲಾ. ಅಮ್ಮಿಯ ಅಕ್ಕ. ತಾಲ್ಲೂಕು ಕಚೇರಿಯ ಹಿಂದಿನ ಬೀದಿಯಲ್ಲಿ ಅವರದು ಲೇಡೀಸ್ ಟೈಲರ್ ಅಂಗಡಿ. ಅವರು ಹೊಲಿದ ಬ್ಲೌಸಿಗೆ ಎರಡನೆಯ ಸಲ ಸೂಜಿ ಹಾಕಬೇಕಿಲ್ಲ ಎಂದು ಆ ಬೀದಿಯವರೆಲ್ಲ ಹೇಳುತ್ತಿದ್ದರು. ಕ್ಷೇಮ ಸಮಾಚಾರ ಮುಗಿದ ಮೇಲೆ ಖಾಲಾ, "ಈಗೀಗ ಯಾರೂ ಬರ್ತಿಲ್ಲ ಬೇಟಿ. ಮುಂಚೆ ವಾರಕ್ಕೆ ಮೂವತ್ತು ಬ್ಲೌಸ್ ಹೊಲೀತಿದ್ದೆ. ಈಗ ಹತ್ತಾದ್ರೆ ಹೆಚ್ಚು" ಎಂದರು.

ಸ್ಪೀಕರಿನಲ್ಲಿ ಕೇಳಿಸಿಕೊಂಡ ಗೆಳತಿ ಒದ್ದೆ ಕೈಯಲ್ಲೇ ನನ್ನ ಭುಜ ಹಿಡಿದಳು. "ಲೇ, ಇದು ನಿಜವಾದ ಕೇಸ್ ಕಣೇ!"

ಮಾರನೆಯ ದಿನ ಬೆಳಿಗ್ಗೆ ತುಮಕೂರಿಗೆ ಬಂದು, ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿ, ಸುರುಳಿ ಸುತ್ತಿದ ಡ್ರಾಯಿಂಗ್ ಶೀಟು, ನಾಲ್ಕು ಬಣ್ಣದ ಸ್ಕೆಚ್ ಪೆನ್ನುಗಳ ಸಮೇತ ನಾವು ಕುಣಿಗಲ್ಲಿನಲ್ಲಿ ಇಳಿದೆವು. ಭಾನುವಾರವೂ ಖಾಲಾ ಅಂಗಡಿ ತೆಗೆದಿದ್ದರು. ಮೆಷಿನ್ನಿನ ಪಕ್ಕದ ಮೇಜಿನ ಹಿಂದೆ ಅವರ ಗಂಡ, ನಮ್ಮ ಖಾಲು, ಕೂತಿದ್ದರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ಹಿಂದಿನ ವರ್ಷ ರಿಟೈರ್ ಆದವರು. ಅವರ ಅಕ್ಷರ ಅಂದರೆ ಅಚ್ಚು ಹಾಕಿದ ಹಾಗೆ. ಸ್ಕೇಲ್ ಇಲ್ಲದೆ ಒಂದು ಗೆರೆಯನ್ನೂ ಎಳೆದವರಲ್ಲ.

ನಾವು ಶೀಟನ್ನು ಗೋಡೆಗೆ ಅಂಟಿಸಿ, "ಬ್ಲೌಸ್ ಯಾಕೆ ಕಡಿಮೆಯಾಯಿತು?" ಎಂದು ಮೇಲೆ ಬರೆದು, ಕೆಳಗೆ ಕೊಂಬೆಗಳನ್ನು ಎಳೆದೆವು. ಖಾಲಾ ಮೆಷಿನ್ ತುಳಿಯುತ್ತಲೇ ಕಾರಣ ಕೊಟ್ಟರು. ರೆಡಿಮೇಡ್ ಬಂದಿದೆ. ಬಸ್ ಸ್ಟ್ಯಾಂಡ್ ಹತ್ತಿರ ಹೊಸ ಅಂಗಡಿ ಆಗಿದೆ. ಹುಡುಗಿಯರು ಸೀರೆ ಉಡುವುದೇ ಕಮ್ಮಿ. ಖಾಲು ತಮ್ಮ ದೊಡ್ಡ ರಿಜಿಸ್ಟರ್ ತೆಗೆದರು. ಅಂಗಡಿಗೆ ಬಂದ ಮೊದಲ ದಿನವೇ ಅವರು ಖಾಲಾನ ಹಳೆಯ ಚೀಟಿಗಳನ್ನೆಲ್ಲ ಒಟ್ಟುಮಾಡಿ ಇದನ್ನು ಶುರುಮಾಡಿದ್ದರಂತೆ. ಕ್ರಮಸಂಖ್ಯೆ, ಹೆಸರು, ಬೀದಿ, ಸೊಂಟ, ತೋಳು, ಭುಜ, ಷರಾ. ಷರಾ ಕಾಲಮ್ಮಿನಲ್ಲಿ "ಬಿಗಿ ಬೇಡ" "ಹಿಂದೆ ಹುಕ್ಕು" ಎಂದು ಕೆಂಪು ಇಂಕು.

"ಕನ್ಸಲ್ಟಿಂಗ್ ಕಂಪನಿಗೆ ಇಂಥ ಡೇಟಾ ಸಿಕ್ರೆ ಕಣ್ಣಿಗೊತ್ಕೋತಾರೆ ಖಾಲು" ಎಂದೆ. ಅವರು ಪೆನ್ನಿನ ಕ್ಯಾಪ್ ಹಾಕಿ ತೆಗೆದು ಮಾಡಿದರು. ಖುಷಿಯಾದಾಗ ಅವರು ಮಾಡುತ್ತಿದ್ದುದು ಹಾಗೇ.

ಬರುವುದನ್ನು ಬಿಟ್ಟ ಏಳೆಂಟು ಜನರ ಮನೆಗಳಿಗೆ ನಾವಿಬ್ಬರೂ ಹೋದೆವು. ಒಬ್ಬರು ಟೈಮ್ ಇಲ್ಲ ಎಂದರು. ಒಬ್ಬರು ಹೊಸ ಸೀರೆ ತಗೊಂಡಿಲ್ಲ ಎಂದರು, ಆದರೆ ತಂತಿಯ ಮೇಲೆ ಮಡಿಕೆ ಬಿಚ್ಚಿದ ಹೊಸ ಸೀರೆ ಒಣಗುತ್ತಿತ್ತು. ಎಲ್ಲರೂ ಮಜ್ಜಿಗೆ ಕೊಟ್ಟರು, ಯಾರೂ ಉತ್ತರ ಕೊಡಲಿಲ್ಲ. ಹೊಟ್ಟೆಯಲ್ಲಿ ಮಜ್ಜಿಗೆ ಕುಲುಕುತ್ತ ಅಂಗಡಿಗೆ ವಾಪಸ್ ಬಂದು ಕೂತೆವು. ನಮ್ಮ ಮರದ ಒಂದು ಕೊಂಬೆಯಲ್ಲೂ ಕಾಯಿ ಕಚ್ಚಿರಲಿಲ್ಲ.

ಖಾಲಾಗೆ ಪಾಪ ಅನ್ನಿಸಿತೋ ಏನೋ. ಗೆಳತಿಯ ಕಡೆ ತಿರುಗಿ, "ಬಾಮ್ಮ, ಇಂಟರ್‌ವ್ಯೂಗೆ ಸೀರೆ ಉಡ್ತೀನಿ ಅಂದ್ಯಲ್ಲ, ನಿಂಗೊಂದು ಬ್ಲೌಸ್ ಹೊಲ್ಕೊಡ್ತೀನಿ" ಎಂದು ಟೇಪು ಹಿಡಿದು ಎದ್ದರು. ಖಾಲು ರಿಜಿಸ್ಟರ್ ಬಿಡಿಸಿ ಪೆನ್ನು ಸಿದ್ಧ ಮಾಡಿಕೊಂಡರು.

"ಸೊಂಟ ಮೂವತ್ತೆರಡು" ಎಂದರು ಖಾಲಾ, ಮೆಲ್ಲಗೆ.

"ಸೊಂಟ, ಮೂ-ವ-ತ್ತೆ-ರ-ಡು" ಎಂದು ಖಾಲು ಬರೆಯುತ್ತ ಗಟ್ಟಿಯಾಗಿ ಓದಿದರು. ಕಚೇರಿಯಲ್ಲಿ ಮೂವತ್ತು ವರ್ಷ ಸರ್ವೇ ನಂಬರುಗಳನ್ನು ಓದಿ ಹೇಳಿದ ಗಂಟಲು. ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದ ಇಬ್ಬರು ಗಂಡಸರು ಇತ್ತ ನೋಡಿದರು.

"ತೋಳು ಹನ್ನೆರಡೂವರೆ."

ಪೆನ್ನು ನಿಂತಿತು. "ಹನ್ನೆರಡೂವರೆ? ಸೊಂಟಕ್ಕೂ ತೋಳಿಗೂ ತಾಳೆ ಆಗ್ತಿಲ್ವಲ್ಲ. ಇನ್ನೊಂದ್ಸಲ ಅಳಿ, ತಪ್ಪಿರ್ಬೇಕು."

ಖಾಲಾ ಇನ್ನೊಂದು ಸಲ ಅಳೆದರು. ಹನ್ನೆರಡೂವರೆಯೇ.

"ಹೊಲದ್ ಕೆಲ್ಸ ಮಾಡಿರೋ ಕೈ" ಎಂದು ಖಾಲು ಮೆಚ್ಚುಗೆಯಿಂದಲೇ, ಬೀದಿಯ ಕೊನೆಗೆ ಕೇಳಿಸುವ ಹಾಗೆ ಹೇಳಿ, ಷರಾ ಕಾಲಮ್ಮಿನಲ್ಲಿ ಕೆಂಪು ಇಂಕಿನಲ್ಲಿ ಬರೆದುಕೊಂಡರು.

ಯಾರಿಗೂ ಜಗ್ಗದ ನನ್ನ ಗೆಳತಿ ಕಿವಿಯವರೆಗೆ ಕೆಂಪಾದಳು. ದುಪಟ್ಟಾವನ್ನು ತೋಳಿನ ಮೇಲೆ ಎಳೆದುಕೊಂಡಳು. ನಮ್ಮಿಬ್ಬರ ಕಣ್ಣು ಕೂಡಿತು. ಆ ಕ್ಷಣಕ್ಕೆ ಇಬ್ಬರಿಗೂ ಗೊತ್ತಾಯಿತು.

ಆದರೂ ಖಾತ್ರಿ ಮಾಡಿಕೊಳ್ಳದೆ ಹೇಳಬಾರದೆಂದು, ಹೊಸ ಸೀರೆ ಒಣಹಾಕಿದ್ದ ಮನೆಗೇ ಮತ್ತೆ ಹೋದೆವು. ಗೆಳತಿ ನೇರವಾಗಿ ಕೇಳಿದಳು. ಆಕೆ ಬಾಗಿಲು ಅರ್ಧ ಮುಂದೆ ಮಾಡಿ, ದನಿ ತಗ್ಗಿಸಿದರು.

"ಅವ್ರು ದೇವರಂಥ ಮನುಷ್ಯ ಕಣಮ್ಮ. ನಮ್ಮತ್ತೆ ಪಿಂಚಣಿ ಮಾಡಿಸ್ಕೊಟ್ಟೋರೇ ಅವ್ರು. ಆದ್ರೆ ಹೋದ್ಸಲ ಹೋದಾಗ, ಹಿಂದಿನ ಪುಟ ತೆಗ್ದು, 'ಆರು ತಿಂಗ್ಳಲ್ಲಿ ಎರಡಿಂಚು ಹೆಚ್ಚಳ' ಅಂತ ಓದಿದ್ರು. ನಮ್ಮೆಜಮಾನ್ರು ಸ್ಕೂಟರ್ ಮೇಲೆ ಕೂತು ಕೇಳಿಸ್ಕೊಂಡ್ರು. ಇವತ್ತಿಗೂ ನನ್ನ 'ಹೆಚ್ಚಳ' ಅಂತ ಆಡ್ಕೋತಾರೆ."

ಕೆರೆ ಏರಿಯ ಮೇಲೆ ಕೂತು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೀರಿನ ಮೇಲಿಂದ ಗಾಳಿ ಬೀಸುತ್ತಿತ್ತು. ಕೇಸ್ ಬಿಡಿಸಿದ್ದೇನೋ ಆಯಿತು. ಇನ್ನು ಕೊನೆಯ ಭಾಗ ಉಳಿದಿತ್ತು, ಪರಿಹಾರವನ್ನು ಕಂಪನಿಯ ಮುಖ್ಯಸ್ಥರ ಮುಂದೆ ಹೇಳುವುದು.

"ನಿಮ್ ಖಾಲು. ನೀನೇ ಹೇಳು."

"ನಂಗಾಗಲ್ಲ ಕಣೇ. ಚಿಕ್ಕೋಳಿದ್ದಾಗ ನಂಗೆ ಅ ಆ ತಿದ್ದಿಸಿದ್ದೇ ಅವ್ರು."

"ಕಂಪನೀಲಿ ಸಿ.ಇ.ಓ. ಮುಂದೆ ಹೆಂಗ್ ಹೇಳ್ತೀಯಾ?"

"ಸಿ.ಇ.ಓ. ನಂಗೆ ಅ ಆ ತಿದ್ಸಿರಲ್ವಲ್ಲ."

ಅಂಗಡಿಗೆ ಹೋಗಿ, ಗೋಡೆಯ ಶೀಟಿನ ಮುಂದೆ ನಿಂತು ನಾನೇ ಶುರುಮಾಡಿದೆ. ವೀಡಿಯೋದಲ್ಲಿ ಕಲಿತ ಹಾಗೆ, ಮೊದಲು ಒಳ್ಳೆಯದನ್ನು ಹೇಳಬೇಕು. ಖಾಲಾನ ಹೊಲಿಗೆ, ಖಾಲುವಿನ ಅಕ್ಷರ, ರಿಜಿಸ್ಟರಿನ ಅಚ್ಚುಕಟ್ಟು. ಆಮೇಲೆ ಬೀದಿಯ ಜನಸಂಖ್ಯೆ. ಆಮೇಲೆ ಹಬ್ಬಗಳ ಕಾಲ. ಆಮೇಲೆ ಬಟ್ಟೆಯ ಬಣ್ಣಗಳ ಬಗ್ಗೆಯೂ ಏನೋ ಹೇಳಿದೆ. ಮಾತು ಊರೆಲ್ಲ ಸುತ್ತಿತು, ಹೋಗಬೇಕಾದ ಮನೆಯ ಬಾಗಿಲಿಗೆ ಮಾತ್ರ ಹೋಗಲಿಲ್ಲ. ಖಾಲು ನಾನು ಹೇಳಿದ್ದನ್ನೆಲ್ಲ ಶ್ರದ್ಧೆಯಿಂದ ನೋಟ್ ಮಾಡಿಕೊಳ್ಳುತ್ತಿದ್ದರು. ಅದನ್ನು ನೋಡಿ ನನಗೆ ಇನ್ನಷ್ಟು ಕಷ್ಟವಾಯಿತು.

ಗೆಳತಿಗೆ ತಡೆಯಲಾಗಲಿಲ್ಲ. "ಖಾಲು, ನೀವು ಅಳತೆ ಗಟ್ಟಿಯಾಗಿ ಓದ್ತೀರಲ್ಲ, ಅದಕ್ಕೇ ಹೆಂಗಸರು ಬರ್ತಿಲ್ಲ. ಗಂಡಸ್ರು ಕೂತಿದ್ರೆ ಅವ್ರಿಗೆ ಸಂಕೋಚ. ನೀವು ಇಲ್ಲಿ ಕೂತ್ಕೋಬಾರ್ದು."

ಮೆಷಿನ್ ನಿಂತಿತು. ಖಾಲು ಪೆನ್ನಿಗೆ ಕ್ಯಾಪ್ ಹಾಕಿದರು. ಈ ಸಲ ತೆಗೆಯಲಿಲ್ಲ. ರಿಜಿಸ್ಟರ್ ಮುಚ್ಚಿ, ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ಕೆರೆಯ ಕಡೆ ನಡೆದುಹೋದರು.

ಖಾಲಾ ನಮ್ಮ ಮೇಲೆ ಸಿಟ್ಟಾಗುತ್ತಾರೆಂದುಕೊಂಡೆ. ಅವರು ದಾರವನ್ನು ಹಲ್ಲಿನಲ್ಲಿ ಕಡಿದು, "ನಂಗೆ ಗೊತ್ತಿತ್ತು" ಎಂದರು.

"ಗೊತ್ತಿತ್ತಾ? ಮತ್ತೆ ಯಾಕೆ ಖಾಲಾ..."

"ರಿಟೈರ್ ಆದ್ಮೇಲೆ ಎರಡು ತಿಂಗ್ಳು ಮನೇಲಿ ಗೋಡೆ ನೋಡ್ಕೊಂಡು ಕೂತಿದ್ರು ಬೇಟಿ. ಊಟಕ್ಕೆ ಕರೆದ್ರೆ ಬರೋರು, ಇಲ್ದಿದ್ರೆ ಇಲ್ಲ. ನಾನೇ ಕರ್ಕೊಂಡ್ ಬಂದು, ಲೆಕ್ಕ ಬರ್ಕೊಳಿ, ನಂಗೆ ಕಣ್ಣು ಕಾಣಲ್ಲ ಅಂತ ಸುಳ್ಳು ಹೇಳಿ ಕೂರಿಸ್ದೆ. ಬ್ಲೌಸ್ ಕಮ್ಮಿ ಆದ್ರೆ ಆಗ್ಲಿ. ಅವ್ರ ಮಾತು ಜಾಸ್ತಿ ಆಯ್ತಲ್ಲ."

"ಮತ್ತೆ ನಂಗ್ಯಾಕೆ ಫೋನ್ ಮಾಡಿ ಬೇಜಾರ್ ಹೇಳ್ಕೊಂಡ್ರಿ?"

"ಬೇಜಾರು ಹೇಳ್ಕೊಂಡೆ. ದಾರಿ ಹೇಳು ಅಂದ್ನಾ?"

ಗೆಳತಿ ಗೋಡೆಯ ಶೀಟನ್ನು ತಾನೇ ಬಿಚ್ಚಿ ಸುತ್ತಿದಳು. ಅವಳ ಮುಖದಲ್ಲಿ ಗೆಲುವಿರಲಿಲ್ಲ.

ಒಂದು ಗಂಟೆಯ ಮೇಲೆ ಖಾಲು ಬಂದರು. ಕೈಯಲ್ಲಿ ಬಿಸಿ ಕಡಲೆಕಾಯಿಯ ಪೊಟ್ಟಣ. ಮೊದಲು ಗೆಳತಿಯ ಕೈಗೇ ಕೊಟ್ಟರು.

"ನೀನ್ ಹೇಳಿದ್ದು ಸರಿ ಕಣಮ್ಮ. ಇಷ್ಟ್ ದಿನ ಯಾರೂ ಹೇಳ್ಲಿಲ್ವಲ್ಲ ಅಂತ ಬೇಜಾರು" ಎಂದು ಖಾಲಾನ ಕಡೆ ಒಂದು ನೋಟ ಬೀರಿದರು. ಖಾಲಾ ಬಾಬಿನ್ ಹುಡುಕುವವರ ಹಾಗೆ ಮೇಜಿನ ಕೆಳಗೆ ಬಗ್ಗಿದರು. "ಏರಿ ಮೇಲೆ ಯಾರೋ ಸಿಕ್ಕಿದ್ರು. ಖಾತೆ ಬದಲಾವಣೆಗೆ ಒಂದು ಅರ್ಜಿ ಬರ್ಕೊಡಿ ಅಂದ್ರು. ನಾಳೆಯಿಂದ ಕಚೇರಿ ಮುಂದೆ ಮೇಜು ಹಾಕ್ಕೊಂಡು ಅರ್ಜಿ ಬರೀತೀನಿ. ಅಲ್ಲಿ ಗಟ್ಟಿಯಾಗೇ ಓದ್ಬೇಕು, ಬಂದೋರಲ್ಲಿ ಎಷ್ಟೋ ಜನಕ್ಕೆ ಕಿವಿ ಮಂದ."

ಹೇಳಿದ ಹಾಗೆಯೇ ಮಾಡಿದರು. ಹಳೆಯ ಸಹೋದ್ಯೋಗಿಗಳೇ ಟೀ ತರಿಸಿಕೊಡುತ್ತಿದ್ದರಂತೆ. ಹೆಂಗಸರು ನಿಧಾನವಾಗಿ ಖಾಲಾನ ಅಂಗಡಿಗೆ ಮರಳಿದರು. ಆದರೆ ಖಾಲಾ ಮೊದಲ ಒಂದು ತಿಂಗಳು ಅಮ್ಮಿಗೆ ಫೋನ್ ಮಾಡಿದಾಗಲೆಲ್ಲ, "ನಿನ್ನ ಮಗಳು ಬಂದು ಅಂಗಡಿ ಉದ್ಧಾರ ಮಾಡಿದಳು, ಈಗ ಮಾತಾಡಲು ಒಂದು ನರಪಿಳ್ಳೆ ಇಲ್ಲ" ಎಂದು ದೂರು ಹೇಳುತ್ತಿದ್ದರು.

ಇಂಟರ್‌ವ್ಯೂ ದಿನ ಬೆಳಿಗ್ಗೆ ಇಬ್ಬರೂ ಬೆಂಗಳೂರಿಗೆ ಹೋದೆವು. ಗಾಜಿನ ಕಟ್ಟಡ, ಎ.ಸಿ. ಚಳಿ. ಖಾಲಾ ಹೊಲಿದ ಬ್ಲೌಸು ಗೆಳತಿಗೆ ಮೈಗೆ ಅಂಟಿದ ಹಾಗೆ ಕೂತಿತ್ತು. ಮೊದಲು ಅವಳನ್ನು ಕರೆದರು. ನಲವತ್ತು ನಿಮಿಷದ ಮೇಲೆ ನಗುನಗುತ್ತಾ ಹೊರಗೆ ಬಂದು, ನನಗೆ ಏನೂ ಹೇಳುವ ಅವಕಾಶವಿಲ್ಲದೆ ಇನ್ನೊಂದು ಬಾಗಿಲಿನಿಂದ ಹೋದಳು.

ನನ್ನನ್ನು ಕೇಳಿದವರು ಅಮ್ಮಿಯ ವಯಸ್ಸಿನ ಒಬ್ಬ ಹೆಂಗಸು. ದಕ್ಷಿಣದ ಒಂದು ಬಿಸ್ಕತ್ ಕಂಪನಿ ದೆಹಲಿಗೆ ಹೋಗಬೇಕೇ ಬೇಡವೇ ಎಂಬುದು ಕೇಸು. ಮರ ಬಿಡಿಸಿದೆ, ಕೊಂಬೆ ಎಳೆದೆ, ಗುಣಿಸಿದೆ. ಎಲ್ಲೋ ಎರಡು ಸೊನ್ನೆ ಹೆಚ್ಚಾಯಿತು. ನನ್ನ ಲೆಕ್ಕದಂತೆ ದೆಹಲಿಯ ಪ್ರತಿಯೊಬ್ಬ ಮನುಷ್ಯನೂ ದಿನಕ್ಕೆ ನಾನೂರು ಬಿಸ್ಕತ್ ತಿನ್ನುತ್ತಿದ್ದ.

"ಅವರು ಬೇರೆ ಊಟ ಮಾಡುವುದಿಲ್ಲವೇ?" ಎಂದು ಆಕೆ ಇಂಗ್ಲಿಷಿನಲ್ಲಿ ಬಹಳ ಶಾಂತವಾಗಿ ಕೇಳಿದರು.

ಲೆಕ್ಕ ತಿದ್ದಿದೆ. ನಗಲೂ ಪ್ರಯತ್ನಿಸಿದೆ. ಕೊನೆಗೆ ಆಕೆ, ನಿಜವಾದ ಯಾವುದಾದರೂ ವ್ಯಾಪಾರದ ಸಮಸ್ಯೆ ಬಿಡಿಸಿದ್ದೀರಾ ಎಂದು ಕೇಳಿದಾಗ ಜೀವ ಬಂದ ಹಾಗಾಯಿತು. "ಕುಣಿಗಲ್ ಎಂಬ ಊರಿನಲ್ಲಿ ಒಂದು ಟೈಲರ್ ಅಂಗಡಿ" ಎಂದು ಶುರುಮಾಡಿದೆ ಅಷ್ಟೇ. ಆಕೆಯ ಮುಖ ಅರಳಿತು. ಅಚ್ಚ ಕನ್ನಡದಲ್ಲಿ ಕೇಳಿದರು.

"ಓ! ಹಾಗಾದ್ರೆ ದೊಡ್ಡಪ್ಪನಿಗೆ ಹೇಳಕ್ಕೆ ಹೆದ್ರಿ, ಬಟ್ಟೆ ಬಣ್ಣದ ಬಗ್ಗೆ ಮಾತಾಡಿದ್ದು ನೀವೇನಾ?"

ಹೌದು ಎಂದೆ. ಇನ್ನೇನು ಹೇಳಲಿ? ಗೆಳತಿ ನನ್ನ ಖಾಲು, ನನ್ನ ಖಾಲಾ, ನನ್ನ ಅಂಜಿಕೆ, ಮೂರನ್ನೂ ನನಗಿಂತ ಮೊದಲೇ ಆ ಮೇಜಿನ ಮೇಲೆ ಹರವಿ ಹೋಗಿದ್ದಳು. ವಾಪಸ್ ಬರುವ ಬಸ್ಸಿನಲ್ಲಿ ನೆಲಮಂಗಲದವರೆಗೆ ನಾನು ಅವಳ ಜೊತೆ ಮಾತಾಡಲಿಲ್ಲ. ದಾಬಸ್‌ಪೇಟೆ ಹತ್ತಿರ ಬಿಸ್ಕತ್ತಿನ ಲೆಕ್ಕ ಹೇಳಿದೆ. ಅವಳು ನಕ್ಕು ನಕ್ಕು ಮುಂದಿನ ಸೀಟಿಗೆ ಹಣೆ ಬಡಿದುಕೊಂಡಳು. ಅಲ್ಲಿಗೆ ಸಿಟ್ಟು ಮುಗಿಯಿತು, ಮುಕ್ಕಾಲು ಪಾಲು.

ವಾರದ ಮೇಲೆ ಒಂದು ಮಧ್ಯಾಹ್ನ ತುಮಕೂರಿನ ಒಂದು ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದಾಗ ಇಬ್ಬರ ಫೋನೂ ಒಟ್ಟಿಗೇ ಸದ್ದು ಮಾಡಿತು. ನನ್ನ ಮೇಲ್ "ದಯವಿಟ್ಟು ನಿರಾಶರಾಗಬೇಡಿ" ಎಂಬ ಅರ್ಥದ ಮಾತಿನಿಂದ ಶುರುವಾಗುತ್ತಿತ್ತು. ಅವಳು ತನ್ನದನ್ನು ಓದಿ, ಫೋನನ್ನು ಬೋರಲು ಹಾಕಿ, ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದಳು.

"ಚಟ್ನಿ ಖಾರ ಅಲ್ವೇನೇ ಇವತ್ತು?" ಎಂದಳು.

ಮನಸ್ಸಿಗೆ ಬಂದದ್ದನ್ನು ಅವಳು ಹೇಳದೇ ಇದ್ದದ್ದು ಅದೇ ಮೊದಲು. ನನಗೆ ಅರ್ಥವಾಯಿತು. ನೀರು ಕುಡಿದು, "ಸಿಕ್ತಾ?" ಎಂದೆ. ಹೌದೆಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರು ಬಂದದ್ದು ಅವಳಿಗೆ. ನಾನು ಮಾಣಿಯನ್ನು ಕರೆದು ಎರಡು ಪ್ಲೇಟ್ ಕೇಸರಿಬಾತ್ ಹೇಳಿದೆ. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕೇಸರಿಬಾತ್ ಮಾತ್ರ ನಿಜಕ್ಕೂ ಚೆನ್ನಾಗಿತ್ತು.

ಮೂರು ತಿಂಗಳ ಮೇಲೆ ತುಮಕೂರಿನಲ್ಲೇ, ಕೃಷಿ ಉಪಕರಣ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸವಾಯಿತು. ಅಲ್ಲಿ ಕೇಸೂ ಇರಲಿಲ್ಲ, ಮರವೂ ಇರಲಿಲ್ಲ. ಮಾಲೀಕರು, "ರೈತ್ರ ಹತ್ರ ಹೋಗಿ ಮಾತಾಡಕ್ಕೆ ಬರುತ್ತಾ?" ಎಂದು ಒಂದೇ ಪ್ರಶ್ನೆ ಕೇಳಿದರು. ಬರುತ್ತೆ ಸಾರ್ ಎಂದೆ. ಮೊದಲ ವಾರವೇ ಪವರ್ ಟಿಲ್ಲರ್ ಓಡಿಸಲು ಕಲಿಸಿದರು. ನಾನು ಅದನ್ನು ಆಫೀಸಿನ ಕಾಂಪೌಂಡಿಗೆ ಗುದ್ದಿದೆ. ಮಾಲೀಕರು ಗೋಡೆ ನೋಡಿ, ಟಿಲ್ಲರ್ ನೋಡಿ, "ಗಾಡಿ ಗಟ್ಟಿ ಐತೆ ಬುಡು" ಎಂದು ಒಳಗೆ ಹೋದರು.